ಮೂರು ಪುಟಗಳ ಪ್ರಬಂಧ: ಸಿ.ವಿ. ವಿಶ್ವೇಶ್ವರ ಅವರ ವಿಜ್ಞಾನ ಜೀವನವನ್ನು ಓದುತ್ತಾ

1970ರ ಆಗಸ್ಟ್ 29ರ ‘ನೇಚರ್’ ಸಂಚಿಕೆಯಲ್ಲಿ 936ನೆಯ ಪುಟದಿಂದ 938ನೆಯ ಪುಟದವರೆಗೆ ಒಂದು ಸಂಶೋಧನ ಪ್ರಬಂಧ ಅಚ್ಚಾಗಿದೆ. ಶ್ವಾರ್ಜ್‌ಶಿಲ್ಡ್ ಕಪ್ಪು ಕುಳಿಯ, ಅಂದರೆ ಬೆಳಕೂ ಹೊರಬರಲಾರದ, ತಿರುಗದ ಕಾಯದ ಮೇಲೆ ಗುರುತ್ವ ವಿಕಿರಣ (ದೇಶಕಾಲವನ್ನೇ ಅಲುಗಾಡಿಸುತ್ತಾ ಸಾಗುವ ಗುರುತ್ವ ಅಲೆಗಳು) ಬಿದ್ದಾಗ ಅದು ಹೇಗೆ ಚದರುತ್ತದೆ ಎಂಬುದು ಅದರ ವಿಷಯ. ಲೇಖಕರ ಜಾಗದಲ್ಲಿ ಒಂದೇ ಹೆಸರು: ಸಿ.ವಿ. ವಿಶ್ವೇಶ್ವರ. ಆಗ ಅವರಿಗೆ 32 ವರ್ಷ. ಪಿಎಚ್‌ಡಿ ಮುಗಿದು ಎರಡು ವರ್ಷವಾಗಿತ್ತು. ಕಪ್ಪು ಕುಳಿ ಎಂಬ ಹೆಸರು ಭೌತವಿಜ್ಞಾನಿಗಳ ಬಾಯಲ್ಲಿ ರೂಢಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಅಂಥದೊಂದು ವಸ್ತು ಆಕಾಶದಲ್ಲಿ ನಿಜಕ್ಕೂ ಇದೆ ಎನ್ನಲು ಎಲ್ಲರೂ ಒಪ್ಪುವಂಥ ಸಾಕ್ಷ್ಯ ಇನ್ನೂ ಸಿಕ್ಕಿರಲಿಲ್ಲ.

ಇದೇ ಪ್ರಬಂಧದ ಉಲ್ಲೇಖ 46 ವರ್ಷಗಳ ನಂತರ, 2016ರ ಫೆಬ್ರುವರಿ 11ರಂದು ಪ್ರಕಟವಾದ ಇನ್ನೊಂದು ಪ್ರಬಂಧದ ಮೊದಲ ಭಾಗದಲ್ಲಿಯೇ ಬರುತ್ತದೆ. ಗುರುತ್ವ ಅಲೆಗಳನ್ನು ಮೊದಲ ಬಾರಿಗೆ ನೇರವಾಗಿ ಪತ್ತೆಹಚ್ಚಿದುದನ್ನು ಜಗತ್ತಿಗೆ ತಿಳಿಸಿದ ಆ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರಿದ್ದಾರೆ. ಒಬ್ಬರೇ ಬರೆದ ಮೂರು ಪುಟಗಳಿಂದ ಸಾವಿರ ಮಂದಿ ಸೇರಿ ಬರೆದ ಆ ಪ್ರಬಂಧದವರೆಗಿನ ದಾರಿಯನ್ನು ಹಿಂಬಾಲಿಸಿದರೆ ಒಬ್ಬ ಸಂಶೋಧಕನ ವೃತ್ತಿಜೀವನ ಎಂದರೇನು, ಪ್ರಕಟಣೆ ಎಂದರೇನು, ಸಹಯೋಗ ಎಂದರೇನು ಎಂಬುದು ನಮ್ಮ ಬಡ್ತಿಯ ಅರ್ಜಿ ನಮೂನೆಗಳಲ್ಲಿ ಕಾಣುವುದಕ್ಕಿಂತ ಬಹಳ ಬೇರೆಯಾಗಿ ಕಾಣುತ್ತದೆ. ನಾನು ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಈ ಎರಡು ಪ್ರಬಂಧಗಳನ್ನು ಕೊನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಕುಳಿತು ಓದುವ ರೂಢಿ ಇಟ್ಟುಕೊಂಡಿದ್ದೇನೆ. ಆ ಓದಿನಿಂದ ಹುಟ್ಟಿದ ಮಾತುಗಳಿವು.

ವಿಶ್ವೇಶ್ವರ ಅವರು ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ.ಕೆ. ವೆಂಕಟರಾಮಯ್ಯನವರು ಕನ್ನಡದ ಸಾಹಿತಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಅಮೆರಿಕಕ್ಕೆ ಹೋದ ವಿಶ್ವೇಶ್ವರ ಅವರು ಮೊದಲು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದರು, ಆನಂತರ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. ಮಿಸ್ನರ್ ಅವರು ಜಾನ್ ವೀಲರ್ ಅವರ ಶಿಷ್ಯರು. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಗಣಿತಜ್ಞರ ಕಪಾಟಿನಿಂದ ಭೌತವಿಜ್ಞಾನದ ಅಂಗಳಕ್ಕೆ ಮತ್ತೆ ತಂದ ಪರಂಪರೆ ಅದು. 1963ರಲ್ಲಿ ಕ್ವಾಸಾರ್‌ಗಳು, ಅಂದರೆ ನಕ್ಷತ್ರಗಳಂತೆ ಕಾಣುವ ಅತಿ ಪ್ರಖರ ಕಾಯಗಳು, ಎಷ್ಟು ದೂರದಲ್ಲಿವೆ ಎಂಬುದು ಗೊತ್ತಾಗಿತ್ತು. ಅದೇ ವರ್ಷ ರಾಯ್ ಕೆರ್ ಅವರು ತಿರುಗುವ ಕಾಯದ ಸುತ್ತಲಿನ ದೇಶಕಾಲವನ್ನು ವಿವರಿಸುವ, ಐನ್‌ಸ್ಟೈನರ ಸಮೀಕರಣಗಳ ಪರಿಹಾರವನ್ನು ಕಂಡುಹಿಡಿದಿದ್ದರು. ಕುಸಿದುಹೋದ ನಕ್ಷತ್ರಗಳ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದ ಕಾಲ ಬಂದಿತ್ತು.

ಯೋಚಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು. ತಿರುಗದ ಕಾಯಕ್ಕೆ ಶ್ವಾರ್ಜ್‌ಶಿಲ್ಡ್ ಅವರು 1916ರಲ್ಲಿ ಕೊಟ್ಟ ಪರಿಹಾರ ಕಾಗದದ ಮೇಲೆ ಸರಿಯಾಗಿದೆ, ಸರಿ. ಆದರೆ ಅದನ್ನು ಒಂದಿಷ್ಟು ಅಲುಗಾಡಿಸಿದರೆ ಏನಾಗುತ್ತದೆ? ಆ ಸಣ್ಣ ಕದಲಿಕೆ ಕಾಲ ಕಳೆದಂತೆ ಬೆಳೆಯುತ್ತಾ ಹೋದರೆ ಆ ಪರಿಹಾರ ಅಸ್ಥಿರ. ಅಸ್ಥಿರವಾದದ್ದು ಪ್ರಕೃತಿಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಕಪ್ಪು ಕುಳಿಗಳನ್ನು ಹುಡುಕಿ ಹೊರಡುವುದೇ ವ್ಯರ್ಥ. ತುಲಿಯೊ ರೆಜೆ ಮತ್ತು ವೀಲರ್ ಅವರು 1957ರಲ್ಲಿಯೇ ಈ ಪ್ರಶ್ನೆಗೆ ಕೈಹಾಕಿ ಬಹಳ ದೂರ ಸಾಗಿದ್ದರು. ಆದರೆ ದೇಶಕಾಲದ ಬಿಂದುಗಳನ್ನು ಗುರುತಿಸಲು ಅವರು ಬಳಸಿದ ನಿರ್ದೇಶಾಂಕಗಳು ಕಪ್ಪು ಕುಳಿಯ ಅಂಚಿನಲ್ಲಿ, ಅಂದರೆ ನಾವು ಈಗ ಘಟನಾ ದಿಗಂತ ಎಂದು ಕರೆಯುವ ಮೇಲ್ಮೈಯಲ್ಲಿ, ಕೈಕೊಡುತ್ತವೆ. ಅಲ್ಲಿ ಒಂದು ಪರಿಮಾಣ ಅನಂತಕ್ಕೆ ಏರಿದರೆ ಅದು ಭೌತ ಸಂಗತಿಯೋ ನಿರ್ದೇಶಾಂಕಗಳ ದೋಷವೋ ಎಂದು ಹೇಳಲಾಗುವುದಿಲ್ಲ. ವಿಶ್ವೇಶ್ವರ ಅವರು ಕ್ರುಸ್ಕಲ್ ಅವರ ನಿರ್ದೇಶಾಂಕಗಳಿಗೆ ಬದಲಾಯಿಸಿ, ದಿಗಂತದಲ್ಲಿ ಯಾವ ಕದಲಿಕೆ ಸಹಜ, ಯಾವುದು ಅಸಾಧ್ಯ ಎಂಬುದನ್ನು ಸ್ಪಷ್ಟಪಡಿಸಿದರು. ಕಾಲದೊಂದಿಗೆ ಬೆಳೆಯುವ ಕದಲಿಕೆಗಳನ್ನು ಆರಂಭದಲ್ಲಿಯೇ ಒಪ್ಪಲು ಸಾಧ್ಯವಿಲ್ಲ ಎಂದು ತೋರಿಸಿದರು. ಕಪ್ಪು ಕುಳಿ ಸ್ಥಿರ. 1968ರ ಅವರ ಪಿಎಚ್‌ಡಿ ಮಹಾಪ್ರಬಂಧದ ತಿರುಳು ಇದು. ಇದೇ 1970ರಲ್ಲಿ ‘ಫಿಸಿಕಲ್ ರಿವ್ಯೂ ಡಿ’ಯಲ್ಲಿ ಪ್ರಕಟವಾಯಿತು.

ಅದರ ಜೊತೆಗೆ 1968ರಲ್ಲಿ ಬಂದ ಮತ್ತೊಂದು ಪ್ರಬಂಧವನ್ನೂ ನೆನೆಯಬೇಕು, ಏಕೆಂದರೆ ಅದರ ಬಗ್ಗೆ ಮಾತು ಕಡಿಮೆ. ತಿರುಗದ ಕಪ್ಪು ಕುಳಿಯಲ್ಲಿ ಯಾವ ಮೇಲ್ಮೈಯ ಮೇಲೆ ಯಾರೂ ನಿಶ್ಚಲರಾಗಿ ನಿಲ್ಲಲಾರರೋ ಅದೇ ಮೇಲ್ಮೈಯಿಂದ ಬೆಳಕು ಹೊರಬರಲಾರದು. ಇವು ಎರಡು ಬೇರೆ ಬೇರೆ ಗುಣಗಳಾದರೂ ಅಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಕೆರ್ ಅವರ ತಿರುಗುವ ಕಾಯದಲ್ಲಿ ಹಾಗಲ್ಲ, ಎರಡೂ ಮೇಲ್ಮೈಗಳು ಬೇರೆಯಾಗುತ್ತವೆ ಎಂಬುದನ್ನು ವಿಶ್ವೇಶ್ವರ ಅವರು ಆ ಪ್ರಬಂಧದಲ್ಲಿ ಸಾಮಾನ್ಯ ರೂಪದಲ್ಲಿಯೇ ನಿರೂಪಿಸಿದರು. ಆ ಎರಡು ಮೇಲ್ಮೈಗಳ ನಡುವಿನ ಪ್ರದೇಶಕ್ಕೆ ಮುಂದೆ ಎರ್ಗೋಸ್ಫಿಯರ್ ಎಂಬ ಹೆಸರು ಬಂತು. ತಿರುಗುವ ಕಪ್ಪು ಕುಳಿಯಿಂದ ಶಕ್ತಿಯನ್ನು ಹೊರಸೆಳೆಯುವ ಎಲ್ಲ ಚರ್ಚೆಗಳ ರಂಗಸ್ಥಳ ಅದೇ.

ಈ ಪ್ರಬಂಧಗಳಲ್ಲಿ ನನಗೆ ಎದ್ದು ಕಾಣುವ ಒಂದು ಸಂಗತಿಯಿದೆ. ಮಿಸ್ನರ್ ಅವರ ಶಿಷ್ಯನಾಗಿ ಮಾಡಿದ ಕೆಲಸವಾದರೂ ಇವುಗಳ ಮೇಲೆ ಮಿಸ್ನರ್ ಅವರ ಹೆಸರಿಲ್ಲ. ಶಿಷ್ಯ ಮಾಡಿದ್ದು ಶಿಷ್ಯನದು ಎಂಬ ಈ ನಡವಳಿಕೆ ಆ ಕಾಲದ ಸಿದ್ಧಾಂತ ಭೌತವಿಜ್ಞಾನದಲ್ಲಿ ಅಪರೂಪವೇನೂ ಆಗಿರಲಿಲ್ಲ. ಈಗ ಅದು ಅಪರೂಪವಾಗಿದೆ. ಅಂಥ ಗುರುವಿನ ಸಹಯೋಗ ಲೇಖಕರ ಸಾಲಿನಲ್ಲಿ ಕಾಣುವುದಿಲ್ಲ, ಕೃತಜ್ಞತೆಯ ಒಂದು ಸಾಲಿನಲ್ಲಿ ಮಾತ್ರ ಇರುತ್ತದೆ. ಆದರೂ ಅದು ಸಹಯೋಗವೇ, ಬಹುಶಃ ಎಲ್ಲಕ್ಕಿಂತ ದೊಡ್ಡದು. ಲೆಸ್ಟರ್ ಎಡೆಲ್‌ಸ್ಟೈನ್ ಅವರ ಜೊತೆಗಿನ ಕೆಲಸ ಇನ್ನೊಂದು ಬಗೆಯದು. ರೆಜೆ ಮತ್ತು ವೀಲರ್ ಅವರ ಪ್ರಬಂಧದಲ್ಲಿದ್ದ ಸಮೀಕರಣಗಳನ್ನು ಒಂದೊಂದಾಗಿ ಮರಳಿ ಕಟ್ಟಿ, ತಪ್ಪುಗಳನ್ನು ತಿದ್ದಿ, ಇಬ್ಬರೂ ಸೇರಿ 1970ರಲ್ಲಿ ಪ್ರಕಟಿಸಿದರು. ಹೊಸ ವಿಚಾರವನ್ನು ಘೋಷಿಸದ, ಹಳೆಯ ಲೆಕ್ಕವನ್ನು ಸರಿಪಡಿಸುವ ಇಂಥ ಪ್ರಬಂಧಗಳಿಗೆ ಕೀರ್ತಿ ಬರುವುದಿಲ್ಲ. ಆದರೆ ಮುಂದೆ ಆ ದಾರಿಯಲ್ಲಿ ನಡೆದವರೆಲ್ಲ ಕಾಲಿಟ್ಟದ್ದು ಆ ಸರಿಪಡಿಸಿದ ನೆಲದ ಮೇಲೆ.

ಈಗ ಆ ಮೂರು ಪುಟಗಳ ಪ್ರಬಂಧಕ್ಕೆ ಬರೋಣ. ಪಿಎಚ್‌ಡಿಯ ನಂತರ ವಿಶ್ವೇಶ್ವರ ಅವರು ನ್ಯೂಯಾರ್ಕಿನಲ್ಲಿದ್ದ ನಾಸಾದ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯಲ್ಲಿದ್ದರು. ಕಪ್ಪು ಕುಳಿ ಸ್ಥಿರ ಎಂದು ತೋರಿಸಿಯಾಗಿತ್ತು, ಆದ್ದರಿಂದ ಅದು ಇರಬಹುದು. ಇದ್ದರೆ ಅದನ್ನು ಕಾಣುವುದು ಹೇಗೆ? ಜೊತೆಗೆ ಇನ್ನೊಂದು ನಕ್ಷತ್ರವೂ ಇಲ್ಲದ, ಸುತ್ತ ಅನಿಲವೂ ಇಲ್ಲದ, ಒಂಟಿಯಾದ ಕಪ್ಪು ಕುಳಿ ಬೆಳಕನ್ನು ಹೊರಬಿಡುವುದಿಲ್ಲ. ಅದಕ್ಕೆ ಏನನ್ನಾದರೂ ಎಸೆದು, ಮರಳಿ ಬರುವುದನ್ನು ನೋಡಬೇಕು. ಲೆಕ್ಕದಲ್ಲಿ ಅವರು ಎಸೆದದ್ದು ಗುರುತ್ವ ಅಲೆಗಳ ಒಂದು ಕಂತೆಯನ್ನು, ಗಾಸ್ ವಕ್ರರೇಖೆಯ ಆಕಾರದ ಒಂದು ನಯವಾದ ಉಬ್ಬನ್ನು. ಗುರುತ್ವ ಅಲೆಗಳು ಆಗ ಬರಿಯ ಕಾಗದದ ವಿಷಯವೂ ಆಗಿರಲಿಲ್ಲ. ಅವರು ಓದಿದ ಮೇರಿಲ್ಯಾಂಡಿನಲ್ಲಿಯೇ ಜೋಸೆಫ್ ವೆಬರ್ ಅವರು ದೊಡ್ಡ ಅಲ್ಯೂಮಿನಿಯಂ ಕೊರಡುಗಳನ್ನು ತೂಗುಹಾಕಿ, ಅವು ಗುರುತ್ವ ಅಲೆಗಳಿಂದ ಕಂಪಿಸುವುದನ್ನು ಕಂಡಿದ್ದೇನೆಂದು 1969ರಲ್ಲಿ ಪ್ರಕಟಿಸಿದ್ದರು. ಬೇರೆ ಪ್ರಯೋಗಾಲಯಗಳು ಅದೇ ಫಲಿತಾಂಶವನ್ನು ಪಡೆಯಲಾಗಲಿಲ್ಲ, ವೆಬರ್ ಅವರ ಘೋಷಣೆ ಉಳಿಯಲಿಲ್ಲ. ಆದರೆ ಗುರುತ್ವ ಅಲೆಗಳನ್ನು ಅಳೆಯಬಹುದೆಂಬ ಕಲ್ಪನೆಗೆ ಧೈರ್ಯ ಕೊಟ್ಟವರು ಅವರು.

ಕಂತೆ ಅಗಲವಾಗಿದ್ದರೆ ಮರಳಿ ಬರುವ ಅಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ, ಎಸೆದ ಉಬ್ಬಿನದೇ ಒಂದು ರೂಪ ಹಿಂತಿರುಗುತ್ತದೆ. ಕಂತೆಯನ್ನು ಕಿರಿದಾಗಿಸುತ್ತಾ, ಅದರ ಅಗಲ ಕಪ್ಪು ಕುಳಿಯ ಗಾತ್ರಕ್ಕೆ ಸಮನಾಗುವವರೆಗೆ ಬಂದಾಗ ಚಿತ್ರ ಬದಲಾಗುತ್ತದೆ. ಮರಳಿ ಬಂದ ಅಲೆ ಮೇಲಕ್ಕೂ ಕೆಳಕ್ಕೂ ಕೆಲವು ಬಾರಿ ತೂಗಿ, ಪ್ರತಿ ತೂಗಿಗೂ ಬಹಳಷ್ಟು ಕುಗ್ಗಿ, ಅಡಗಿಬಿಡುತ್ತದೆ. ಇನ್ನೂ ಕಿರಿದಾದ ಕಂತೆಯನ್ನು ಎಸೆದರೂ ಆ ತೂಗಾಟದ ಆವರ್ತನವಾಗಲಿ ಅಡಗುವ ವೇಗವಾಗಲಿ ಬದಲಾಗುವುದಿಲ್ಲ. ಅಂದರೆ ಅದು ಎಸೆದ ಕಂತೆಯ ಗುಣವಲ್ಲ, ಕಪ್ಪು ಕುಳಿಯದೇ ಗುಣ. ಗಂಟೆಯನ್ನು ಯಾವುದರಿಂದ ಹೊಡೆದರೂ ಅದರ ಸ್ವರ ಗಂಟೆಯದೇ ಆಗಿರುವಂತೆ ಇದು. ಹೊಡೆದ ಮರುಕ್ಷಣವೇ ಅಂಗೈಯಿಂದ ಹಿಡಿದ ಗಂಟೆ, ಏಕೆಂದರೆ ಕಪ್ಪು ಕುಳಿಯ ಕಂಪನ ಬಹಳ ಬೇಗ ಆರುತ್ತದೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ, ತಿರುಗದ ಒಂದು ಕಪ್ಪು ಕುಳಿಯನ್ನು ತೆಗೆದುಕೊಂಡರೆ ಅದರ ಮುಖ್ಯ ಕಂಪನದ ಆವರ್ತನ ಸುಮಾರು 1200 ಹರ್ಟ್ಸ್, ಅದು ಆರಲು ಹಿಡಿಯುವ ಕಾಲ ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ರಾಶಿ ಇಮ್ಮಡಿಯಾದರೆ ಆವರ್ತನ ಅರ್ಧವಾಗುತ್ತದೆ. ಹಾಗಾಗಿ ಸ್ವರವನ್ನು ಕೇಳಿದವರು ರಾಶಿಯನ್ನು ಹೇಳಬಹುದು.

ಪ್ರಬಂಧದ ರೇಖಾಚಿತ್ರದಲ್ಲಿ ಇದೆಲ್ಲ ಒಂದು ಸಣ್ಣ ಅಲೆಯ ಗೀಟಾಗಿ ಕಾಣುತ್ತದೆ. ವಿದ್ಯಾರ್ಥಿಗಳು ಮೊದಲು ಆ ಚಿತ್ರವನ್ನು ನೋಡಿ ಏನೂ ಹೇಳುವುದಿಲ್ಲ. ಪಕ್ಕದಲ್ಲಿ 2016ರ ಪ್ರಬಂಧದ ಚಿತ್ರದ ಕೊನೆಯ ತುದಿಯನ್ನು ಇಟ್ಟಾಗ ಮಾತು ಹೊರಡುತ್ತದೆ.

1970ರ ನಂತರ ಈ ವಿಚಾರವನ್ನು ಬೆನ್ನು ಹತ್ತಿದವರು ಬೇರೆಯವರು. ವಿಲಿಯಂ ಪ್ರೆಸ್ ಅವರು 1971ರಲ್ಲಿ ಈ ಕಂಪನಗಳನ್ನು ಕಪ್ಪು ಕುಳಿಯ ಸ್ವಂತ ಕಂಪನಗಳೆಂದು ಬಿಡಿಸಿ ನೋಡಿ ಕ್ವಾಸಿನಾರ್ಮಲ್ ಮೋಡ್ ಎಂದು ಹೆಸರಿಟ್ಟರು. 1975ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ ಅವರು ಅವುಗಳ ಆವರ್ತನಗಳನ್ನು ಲೆಕ್ಕಹಾಕಿದರು. 1985ರಲ್ಲಿ ಎಡ್ವರ್ಡ್ ಲೀವರ್ ಅವರು ಆ ಲೆಕ್ಕವನ್ನು ಅತ್ಯಂತ ನಿಖರವಾಗಿ ಮಾಡುವ ದಾರಿಯನ್ನು ತೋರಿಸಿದರು. ಇವರಲ್ಲಿ ಯಾರೂ ವಿಶ್ವೇಶ್ವರ ಅವರ ಸಹಲೇಖಕರಲ್ಲ. ಆದರೂ ಅವರು ಆರಂಭಿಸಿದ ಲೆಕ್ಕವನ್ನು ಇವರು ಮುಂದುವರಿಸಿದರು. ಒಬ್ಬರನ್ನೊಬ್ಬರು ಭೇಟಿಯಾಗದೆ, ಒಂದೇ ಪ್ರಬಂಧದಲ್ಲಿ ಹೆಸರು ಹಾಕದೆ, ವರ್ಷಗಳ ಅಂತರದಲ್ಲಿ ನಡೆಯುವ ಈ ಬಗೆಯ ಕೂಡುಕೆಲಸವೇ ವಿಜ್ಞಾನದ ಬಹುಪಾಲು ಸಹಯೋಗ ಎಂದು ನಾನು ನಂಬಿದ್ದೇನೆ. ಅದಕ್ಕೆ ನಮ್ಮಲ್ಲಿ ಇರುವ ಒಂದೇ ದಾಖಲೆ ಉಲ್ಲೇಖಗಳ ಪಟ್ಟಿ. ಆ ಪಟ್ಟಿಯನ್ನು ಎಣಿಸುವವರು ಬಹಳ ಮಂದಿ, ಓದುವವರು ಕಡಿಮೆ.

ವಿಶ್ವೇಶ್ವರ ಅವರು ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್‌ಗಳಲ್ಲಿ ಕೆಲಸ ಮಾಡಿ 1976ರಲ್ಲಿ ಬೆಂಗಳೂರಿಗೆ ಮರಳಿದರು. ಸರ್ ಸಿ.ವಿ. ರಾಮನ್ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಆಗ ಅವರ ನೆಲೆಯಾಯಿತು. 1992ರಿಂದ ಕೋರಮಂಗಲದ ಭಾರತೀಯ ತಾರಾಭೌತ ಸಂಸ್ಥೆಯಲ್ಲಿದ್ದರು. ಆ ದಶಕಗಳ ಪ್ರಬಂಧಗಳಲ್ಲಿ ಹೆಸರುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಕಪ್ಪು ಕುಳಿಯ ಸುತ್ತ ಸುತ್ತುವ ಗೈರೊಸ್ಕೋಪಿನ ಅಕ್ಷ ಹೇಗೆ ಹೊರಳುತ್ತದೆ ಎಂಬುದರ ಬಗ್ಗೆ ಬಾಲಾ ಐಯರ್ ಅವರ ಜೊತೆ 1993ರಲ್ಲಿ, ಆನಂತರ ರಾಜೇಶ್ ನಾಯಕ್ ಅವರ ಜೊತೆ. ಸುತ್ತಲಿನ ವಿಶ್ವ ಸಮತಟ್ಟಾಗಿಲ್ಲದಿದ್ದರೆ ಕಪ್ಪು ಕುಳಿಯ ಗುಣಗಳು ಏನಾಗುತ್ತವೆ ಎಂಬುದರ ಬಗ್ಗೆ ನಾಯಕ್ ಮತ್ತು ಮಾಲ್ಕಮ್ ಮ್ಯಾಕಲಮ್ ಅವರ ಜೊತೆ 2000ದಲ್ಲಿ. ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಒಂದು ಪ್ರಬಂಧದ ಬಳಿ ಮಾತ್ರ ನಿಲ್ಲಬೇಕು.

1985ರಲ್ಲಿ ‘ಕ್ಲಾಸಿಕಲ್ ಅಂಡ್ ಕ್ವಾಂಟಂ ಗ್ರಾವಿಟಿ’ ಪತ್ರಿಕೆಯಲ್ಲಿ ಮೂವರು ಸೇರಿ ಬರೆದ ಒಂದು ಪ್ರಬಂಧ ಬಂತು. ಬಾಲಾ ಐಯರ್, ವಿಶ್ವೇಶ್ವರ, ಸಂಜೀವ ಧುರಂಧರ ಅದರ ಲೇಖಕರು. ಕಪ್ಪು ಕುಳಿಯಾಗುವಷ್ಟು ಕುಸಿಯದೆ, ಆದರೆ ಬೆಳಕೇ ಸುತ್ತು ಹಾಕಬಲ್ಲ ಕಕ್ಷೆಗಿಂತ ಒಳಗೆ ಅಡಗುವಷ್ಟು ಸಾಂದ್ರವಾದ ಕಾಯಗಳು ಇರಬಹುದೇ ಎಂದು ಅದು ಕೇಳುತ್ತದೆ. ಒಳ್ಳೆಯ ಪ್ರಶ್ನೆ, ಈಗಲೂ ಜೀವಂತವಾಗಿರುವ ಪ್ರಶ್ನೆ. ಆದರೆ ನನ್ನ ಗಮನ ಸೆಳೆದದ್ದು ಆ ಮೂರು ಹೆಸರುಗಳು ಮುಂದೆ ಹಿಡಿದ ದಾರಿ. ಎರಡು ಕಪ್ಪು ಕುಳಿಗಳು ಒಂದನ್ನೊಂದು ಸುತ್ತುತ್ತಾ ಹತ್ತಿರವಾಗಿ, ಕೂಡಿ, ಒಂದಾಗಿ ಕಂಪಿಸಿ ಶಾಂತವಾಗುವಾಗ ಹೊರಡುವ ಗುರುತ್ವ ಅಲೆಗೆ ಮೂರು ಭಾಗಗಳಿವೆ. ಸುತ್ತುತ್ತಾ ಹತ್ತಿರವಾಗುವ ಮೊದಲ ಭಾಗದ ಅಲೆಯನ್ನು ಬಹಳ ನಿಖರವಾಗಿ ಲೆಕ್ಕಹಾಕಲು ಬೇಕಾದ ಕಠಿಣ ಗಣಿತವನ್ನು ಲುಕ್ ಬ್ಲಾಂಶೆ, ಥಿಬೊ ಡಾಮೋರ್ ಮೊದಲಾದವರ ಜೊತೆ ಸೇರಿ ಬೆಳೆಸಿದವರಲ್ಲಿ ಬಾಲಾ ಐಯರ್ ಒಬ್ಬರು. ಅವರ 1995ರ ಪ್ರಬಂಧ ಅದರ ಒಂದು ಮೈಲಿಗಲ್ಲು. ಗದ್ದಲದಲ್ಲಿ ಹುದುಗಿರುವ ಅಂಥ ಅಲೆಯನ್ನು ಹೆಕ್ಕಿ ತೆಗೆಯಲು ಯಾವ ಯಾವ ಮಾದರಿ ಅಲೆಗಳನ್ನು ಇಟ್ಟುಕೊಂಡು ಹುಡುಕಬೇಕು ಎಂಬುದನ್ನು ಬಿ.ಎಸ್. ಸತ್ಯಪ್ರಕಾಶ್ ಅವರ ಜೊತೆ 1991ರಲ್ಲಿ ರೂಪಿಸಿದವರು ಪುಣೆಯ ಖಗೋಳ ವಿಜ್ಞಾನ ಕೇಂದ್ರ ಐಯುಕಾದ ಧುರಂಧರ. ಕೊನೆಯ ಭಾಗವಾದ ಕಂಪನ ವಿಶ್ವೇಶ್ವರ ಅವರದು. ನಡುವಿನ ಕೂಡುವ ಗಳಿಗೆಯನ್ನು ಮಾತ್ರ ಕೈಲೆಕ್ಕದಿಂದ ಹಿಡಿಯಲಾಗದು, ಅದಕ್ಕೆ 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಅವರು ಸೂಪರ್‌ಕಂಪ್ಯೂಟರಿನಲ್ಲಿ ಗೆದ್ದು ತೋರಿಸುವವರೆಗೆ ಕಾಯಬೇಕಾಯಿತು. ಬೇರೊಂದು ವಿಷಯದ ಮೇಲೆ ಒಟ್ಟಿಗೆ ಬರೆದ ಮೂವರು ಆ ಒಂದೇ ಅಲೆಯ ಬೇರೆ ಬೇರೆ ಕೆಲಸಗಳಿಗೆ ಹೆಗಲು ಕೊಟ್ಟಿದ್ದಾರೆ. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಅಳೆಯುವ, ಅಮೆರಿಕದ ಎರಡು ಲೈಗೊ ವೀಕ್ಷಣಾಲಯಗಳಿಗೆ ಅಂಥ ಅಲೆ ತಲುಪಿತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ರಾಶಿಯ ಎರಡು ಕಪ್ಪು ಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಒಂದಾಗಿದ್ದವು. ಉಳಿದದ್ದು ಸುಮಾರು 62 ಸೂರ್ಯರಾಶಿಯ ಒಂದು ಕಪ್ಪು ಕುಳಿ, ಮಿಕ್ಕ ಮೂರು ಸೂರ್ಯರಾಶಿಯಷ್ಟು ದ್ರವ್ಯ ಗುರುತ್ವ ಅಲೆಗಳ ಶಕ್ತಿಯಾಗಿ ಹೋಗಿತ್ತು. ಪತ್ತೆಕಾರಕದಲ್ಲಿ ಕಂಡ ಅಲೆಯ ಅವಧಿ ಸುಮಾರು 0.2 ಸೆಕೆಂಡು. ಪ್ರಬಂಧದ ಸಾವಿರಕ್ಕೂ ಮಿಕ್ಕ ಲೇಖಕರಲ್ಲಿ ಐಯರ್ ಮತ್ತು ಧುರಂಧರ ಅವರ ಹೆಸರುಗಳಿವೆ. ವಿಶ್ವೇಶ್ವರ ಅವರ ಹೆಸರು ಇರುವುದು ಉಲ್ಲೇಖಗಳಲ್ಲಿ, ಪ್ರೆಸ್ ಅವರ ಪ್ರಬಂಧ ಹಾಗೂ ಚಂದ್ರಶೇಖರ್ ಮತ್ತು ಡೆಟ್‌ವೈಲರ್ ಅವರ ಪ್ರಬಂಧದ ಜೊತೆಯಲ್ಲಿ. ಅದನ್ನು ಕಾಣುವಷ್ಟು ಕಾಲ ಅವರು ನಮ್ಮೊಂದಿಗಿದ್ದರು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿಷಯ. ಅವರು ತೀರಿಕೊಂಡದ್ದು 2017ರ ಜನವರಿಯಲ್ಲಿ.

ತರಗತಿಯಲ್ಲಿ ನಾವು ಮಾಡುವ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ತಿರುಗದ ಕಪ್ಪು ಕುಳಿಯ ಮುಖ್ಯ ಕಂಪನದ ಆವರ್ತನ ಒಂದು ಸೂರ್ಯರಾಶಿಗೆ ಸುಮಾರು 12,000 ಹರ್ಟ್ಸ್ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಅದನ್ನು 62ರಿಂದ ಭಾಗಿಸಿದರೆ 195ರ ಆಸುಪಾಸು ಬರುತ್ತದೆ. ಅಳೆದ ಅಲೆಯ ಕೊನೆಯಲ್ಲಿ ಕಂಡ ಆವರ್ತನವೋ 250 ಹರ್ಟ್ಸ್‌ಗೆ ಹತ್ತಿರ. ಸಿದ್ಧಾಂತ ತಪ್ಪಿತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನೇ ಕೇಳಬೇಕು. ಉತ್ತರ ಎರಡು ಹೆಜ್ಜೆಗಳಲ್ಲಿದೆ. ಕೂಡಿ ಒಂದಾದ ಕಪ್ಪು ಕುಳಿ ಸುಮ್ಮನೆ ನಿಂತಿಲ್ಲ, ತಿರುಗುತ್ತಿದೆ. ತಿರುಗಬಹುದಾದ ಗರಿಷ್ಠ ಮಟ್ಟದ ಸುಮಾರು 0.67 ಭಾಗದಷ್ಟು ತಿರುಗುವ ಕಪ್ಪು ಕುಳಿಗೆ ಅದೇ ಲೆಕ್ಕ ಸುಮಾರು 270 ಹರ್ಟ್ಸ್ ಕೊಡುತ್ತದೆ. ಇನ್ನು, ಅಲೆ ನಮ್ಮ ಬಳಿ ಬರುವಷ್ಟರಲ್ಲಿ ವಿಶ್ವದ ಹಿಗ್ಗುವಿಕೆಯಿಂದ ಆವರ್ತನ ನೂರಕ್ಕೆ ಎಂಟೊಂಬತ್ತರಷ್ಟು ತಗ್ಗುತ್ತದೆ. 270 ಈಗ 250ಕ್ಕೆ ಬಂದು ನಿಲ್ಲುತ್ತದೆ. ಕಂಪನ ಆರಲು ಹಿಡಿದ ಕಾಲ ನಾಲ್ಕು ಮಿಲಿಸೆಕೆಂಡಿನಷ್ಟು, ಅದೂ ಹೊಂದುತ್ತದೆ. ಪದವಿ ತರಗತಿಯ ಒಬ್ಬ ವಿದ್ಯಾರ್ಥಿ ಕ್ಯಾಲ್ಕುಲೇಟರ್ ಹಿಡಿದು ಕುಳಿತು 130 ಕೋಟಿ ಜ್ಯೋತಿರ್ವರ್ಷಗಳ ಆಚೆಯ ವಸ್ತುವಿನ ತಿರುಗುವಿಕೆಯನ್ನು ಪರೀಕ್ಷಿಸಬಹುದು ಎಂಬುದಕ್ಕಿಂತ ಹೆಚ್ಚಿನ ಪಾಠ ನನ್ನ ಬಳಿ ಇಲ್ಲ.

ಇಷ್ಟು ಹೇಳಿದ ಮೇಲೆ, ವಿಶ್ವೇಶ್ವರ ಅವರ ಬದುಕಿನ ಇನ್ನೊಂದು ಪಾಲನ್ನು ‘ಸಂಶೋಧನೆಯ ಆಚೆಗೆ’ ಎಂಬ ತಲೆಬರಹದ ಕೆಳಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹೈ ಗ್ರೌಂಡ್ಸ್‌ನಲ್ಲಿರುವ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಆರಂಭವಾದಾಗ ಅದರ ಸಂಸ್ಥಾಪಕ ನಿರ್ದೇಶಕರು ಅವರು. ಕಪ್ಪು ಕುಳಿಯ ಸ್ಥಿರತೆಯನ್ನು ಸಾಧಿಸಿದವರೊಬ್ಬರು ಶಾಲಾ ಮಕ್ಕಳ ಬಸ್ಸುಗಳು ಬಂದು ನಿಲ್ಲುವ ಕಟ್ಟಡದ ಹೊಣೆ ಹೊತ್ತು, ತಾರಾಲಯದ ಪ್ರದರ್ಶನಗಳನ್ನು ರೂಪಿಸಲು ಕುಳಿತರು. ವ್ಯಂಗ್ಯಚಿತ್ರ ಬಿಡಿಸುವ ಕೈ ಅವರದು. ಸಾಪೇಕ್ಷತೆಯ ಕಗ್ಗಂಟುಗಳನ್ನು ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳುವ ಪುಸ್ತಕಗಳನ್ನೂ ಬರೆದರು. ತಾರಾಲಯವನ್ನು ನಡೆಸುವ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘದ ಮೂಲಕ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆಂದೇ ಭೌತವಿಜ್ಞಾನದ ತರಗತಿಗಳು ನಡೆಯತೊಡಗಿದವು. ರೀಪ್ ಎಂದು ಕರೆಯುವ ಆ ಕಾರ್ಯಕ್ರಮಕ್ಕೆ ನಗರದ ಬೇರೆ ಬೇರೆ ಕಾಲೇಜುಗಳ ಮಕ್ಕಳು ತಮ್ಮ ಮಾಮೂಲು ತರಗತಿಗಳ ಹೊರಗಿನ ಸಮಯದಲ್ಲಿ ಬರುತ್ತಾರೆ, ಸಂಶೋಧನಾ ಸಂಸ್ಥೆಗಳವರು ಬಂದು ಕಲಿಸುತ್ತಾರೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಇದರ ಬೆಲೆ ಗೊತ್ತು. ನಮ್ಮ ರಾಜ್ಯದಲ್ಲಿ ಬಿ.ಎಸ್ಸಿ. ಓದುವ ಹುಡುಗಿಗೂ ಸಂಶೋಧನಾ ಸಂಸ್ಥೆಯ ಗೇಟಿಗೂ ನಡುವೆ ಇರುವ ಅಂತರ ಕೆಲವು ಕಿಲೋಮೀಟರುಗಳದಾದರೂ ಅದನ್ನು ದಾಟುವ ಧೈರ್ಯವನ್ನು ಪಠ್ಯಕ್ರಮ ಕೊಡುವುದಿಲ್ಲ. ಒಬ್ಬ ಸಂಶೋಧಕ ಎದುರಿಗೆ ನಿಂತು, ಗೊತ್ತಿಲ್ಲದ ಪ್ರಶ್ನೆಯನ್ನು ಗೊತ್ತಿಲ್ಲ ಎಂದು ಹೇಳುವುದನ್ನು ಕಂಡಾಗ ಅದು ಬರುತ್ತದೆ.

ಇಂಥ ಕೆಲಸಕ್ಕೆ ಪ್ರಕಟಣೆಗಳ ಪಟ್ಟಿಯಲ್ಲಿ ಸಾಲು ಇಲ್ಲ. ಪ್ರಬಂಧಕ್ಕೆ ಇಷ್ಟು ಅಂಕ, ಸಹಲೇಖಕರಿದ್ದರೆ ಅದನ್ನು ಹೀಗೆ ಹಂಚಬೇಕು, ಪತ್ರಿಕೆಯ ಪ್ರಭಾವಾಂಕ ಇಷ್ಟಿದ್ದರೆ ಇನ್ನಷ್ಟು ಅಂಕ ಎಂಬ ಕೋಷ್ಟಕಗಳನ್ನು ತುಂಬುವುದರಲ್ಲಿ ನಮ್ಮ ಅಧ್ಯಾಪಕರ ಎಷ್ಟೋ ಸಂಜೆಗಳು ಕಳೆಯುತ್ತವೆ. ಕೋಷ್ಟಕ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನೇಮಕಕ್ಕೆ, ಬಡ್ತಿಗೆ ಯಾವುದಾದರೂ ಒಂದು ಅಳತೆ ಬೇಕು, ಅಳತೆಯೇ ಇಲ್ಲದಿದ್ದಾಗ ವಶೀಲಿ ಗೆಲ್ಲುತ್ತದೆ. ಆದರೆ 1975ರಲ್ಲಿ ಕುಳಿತು 1970ರ ಆ ಮೂರು ಪುಟಗಳಿಗೆ ಅಂಕ ಕೊಡಬೇಕಾಗಿದ್ದ ಯಾವ ಸಮಿತಿಗೂ 2016ನ್ನು ಕಾಣುವ ದಾರಿ ಇರಲಿಲ್ಲ. ಆ ಸಮಿತಿ ಮಾಡಬಹುದಾಗಿದ್ದದ್ದು ಒಂದೇ, ಪ್ರಬಂಧವನ್ನು ಓದುವುದು. ಓದಿದವರಿಗೆ ಅಲ್ಲಿ ಒಂದು ಹೊಸ ಪ್ರಶ್ನೆ, ಅದಕ್ಕೊಂದು ಸರಳ ಉಪಾಯ, ತಪ್ಪಿಲ್ಲದ ಲೆಕ್ಕ ಮೂರೂ ಕಾಣುತ್ತಿದ್ದವು. ಎಣಿಸುವವರಿಗೆ ಕಾಣುತ್ತಿದ್ದದ್ದು ಒಂದು ಪ್ರಬಂಧ.

ವಿಶ್ವೇಶ್ವರ ಅವರ ಮನೆಯಲ್ಲಿಯೇ ವಿಜ್ಞಾನದ ಇನ್ನೆರಡು ದಾರಿಗಳಿದ್ದವು. ಪತ್ನಿ ಸರಸ್ವತಿ ವಿಶ್ವೇಶ್ವರ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಅಣುಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರೊಟೀನಿನ ಅಮೈನೋ ಆಮ್ಲಗಳನ್ನು ಒಂದು ಜಾಲದ ಗಂಟುಗಳಂತೆ ನೋಡಿ, ಆ ಜಾಲದ ಗಣಿತದಿಂದ ಪ್ರೊಟೀನಿನ ರಚನೆಯನ್ನು ಅರಿಯುವ ವಿಧಾನವನ್ನು ಬೆಳೆಸಿದರು. ಮಗಳು ಸ್ಮಿತಾ ವಿಶ್ವೇಶ್ವರ ಅವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಾಂದ್ರವಸ್ತು ಭೌತವಿಜ್ಞಾನಿ. ಅತಿ ತಣ್ಣನೆಯ, ಪ್ರಬಲ ಕಾಂತಕ್ಷೇತ್ರದಲ್ಲಿರುವ ಎಲೆಕ್ಟ್ರಾನುಗಳು ಒಂದು ಇಕ್ಕಟ್ಟಾದ ಕಿಂಡಿಯನ್ನು ದಾಟುವಾಗ ಎದುರಿಸುವ ಶಕ್ತಿಯ ದಿಬ್ಬವೂ ಕಪ್ಪು ಕುಳಿಯ ಸುತ್ತ ಗುರುತ್ವ ಅಲೆ ಎದುರಿಸುವ ದಿಬ್ಬವೂ ನೆತ್ತಿಯ ಬಳಿ ಒಂದೇ ಗಣಿತವನ್ನು ಪಾಲಿಸುತ್ತವೆ. ತಂದೆ ಕಪ್ಪು ಕುಳಿಯಲ್ಲಿ ಕಂಡ ಆರುವ ಕಂಪನಗಳಿಗೆ ಸಮಾನವಾದವು ಕ್ವಾಂಟಂ ಹಾಲ್ ಎಂದು ಕರೆಯುವ ಆ ಎಲೆಕ್ಟ್ರಾನುಗಳ ವ್ಯವಸ್ಥೆಯಲ್ಲಿಯೂ ಇರುತ್ತವೆ ಎಂದು ಮಗಳು ತನ್ನ ಸಹೋದ್ಯೋಗಿಗಳ ಜೊತೆ 2019ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಬರೆದರು. ತಂದೆ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಆ ಪ್ರಬಂಧವನ್ನು ನಾನು ಮನೆತನದ ಕಥೆಯಾಗಿ ಓದುವುದಿಲ್ಲ. ದಿಬ್ಬದ ನೆತ್ತಿಯ ಗಣಿತ ಅಲ್ಲಿಯೂ ಇಲ್ಲಿಯೂ ಒಂದೇ ಆಗಿರುವುದು ನಿಜವಾದ ಭೌತವಿಜ್ಞಾನ, ಅದನ್ನು ಯಾರು ಬರೆದಿದ್ದರೂ ಅದು ನಿಲ್ಲುತ್ತಿತ್ತು.

ಕೆಲಸ ಇನ್ನೂ ನಡೆಯುತ್ತಿದೆ. ಕಪ್ಪು ಕುಳಿಗೆ ಒಂದೇ ಸ್ವರವಲ್ಲ, ಮುಖ್ಯ ಸ್ವರದ ಜೊತೆಗೆ ಇನ್ನೂ ಬೇಗ ಆರುವ ಉಪಸ್ವರಗಳಿವೆ. ತಿರುಗುವ ಕಪ್ಪು ಕುಳಿಯ ಎಲ್ಲ ಸ್ವರಗಳೂ ಅದರ ರಾಶಿ ಮತ್ತು ತಿರುಗುವಿಕೆ ಎಂಬ ಎರಡೇ ಸಂಖ್ಯೆಗಳಿಂದ ನಿರ್ಧಾರವಾಗಬೇಕೆಂದು ಸಿದ್ಧಾಂತ ಹೇಳುತ್ತದೆ. ಒಂದೇ ಸ್ವರ ಕೇಳಿದರೆ ಆ ಎರಡು ಸಂಖ್ಯೆಗಳನ್ನು ಊಹಿಸಬಹುದಷ್ಟೆ, ಸಿದ್ಧಾಂತವನ್ನು ಪರೀಕ್ಷಿಸಲಾಗದು. ಎರಡನೆಯದೂ ಕೇಳಬೇಕು. 2025ರ ಜನವರಿ 14ರಂದು ಬಂದ ಅಲೆ 2015ರ ಅಲೆಗಿಂತ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟವಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಕೂಡಿದ ಕಪ್ಪು ಕುಳಿಯ ಕಂಪನದಲ್ಲಿ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಯಿತು. ಅವೆರಡೂ ಕೆರ್ ಅವರ ಪರಿಹಾರ ಹೇಳುವ ಒಂದೇ ಕಪ್ಪು ಕುಳಿಯ ಸ್ವರಗಳೆಂಬುದಕ್ಕೆ ಹೊಂದಿಕೊಂಡವು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ವೀಕ್ಷಣಾಲಯ ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದು ಸಿದ್ಧವಾದ ಮೇಲೆ ಅಲೆ ಆಕಾಶದ ಯಾವ ಮೂಲೆಯಿಂದ ಬಂತು ಎಂಬುದನ್ನು ಈಗಿನದಕ್ಕಿಂತ ಬಹಳ ಖಚಿತವಾಗಿ ಹೇಳಬಹುದು. ಮುಂದಿನ ವರ್ಷದ ವಿದ್ಯಾರ್ಥಿಗಳ ಜೊತೆ ಓದಲು 2025ರ ಪ್ರಬಂಧವನ್ನೂ ಸೇರಿಸಿಕೊಂಡಿದ್ದೇನೆ. ಎರಡನೆಯ ಸ್ವರದ ಆವರ್ತನವನ್ನು ಲೆಕ್ಕಹಾಕಲು ಹಲಗೆ ಮತ್ತು ಕ್ಯಾಲ್ಕುಲೇಟರ್ ಸಾಲುವುದಿಲ್ಲ, ಲೀವರ್ ಅವರ ವಿಧಾನವನ್ನು ಕಲಿಸಬೇಕಾಗುತ್ತದೆ.